ಊದುಬತ್ತಿ ಉದ್ದಿಮೆ ಕಟ್ಟಿದ ತಾತನವರ ನೆನಪನ್ನು ಉಳಿಸುವುದು ಹೇಗೆ?

ಪ್ರಶ್ನೆ (ಮೈಸೂರಿನಿಂದ, ಉದ್ದಿಮೆಯ ಮೂರನೆಯ ತಲೆಮಾರಿನವಳು)

ಎಲ್ಲರಿಗೂ ನಮಸ್ಕಾರ. ಸಂತೆಪೇಟೆಯ ಬಾಡಿಗೆ ಮಳಿಗೆಯೊಂದರಲ್ಲಿ ಆರಂಭವಾಗಿ ಈಗ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ನಡೆಯುತ್ತಿರುವ ನಮ್ಮ ಮನೆತನದ ಊದುಬತ್ತಿ ಉದ್ದಿಮೆಯನ್ನು ಕಟ್ಟಿದವರು ನನ್ನ ತಾತನವರು. ಕಳೆದ ಕಾರ್ತಿಕದಲ್ಲಿ ಅವರು ನಮ್ಮನ್ನು ಅಗಲಿದರು. ವರ್ಷಾಬ್ದಿಕ ಹತ್ತಿರವಾಗುತ್ತಿದ್ದಂತೆ, ಅವರ ಹೆಸರಿನಲ್ಲಿ ಬಹುಕಾಲ ಉಳಿಯುವಂಥದ್ದೇನಾದರೂ ಮಾಡಬೇಕೆಂಬ ಮಾತು ಮನೆಯಲ್ಲಿ ಬಲವಾಗಿದೆ. ಕಾರ್ಖಾನೆಯ ಬಾಗಿಲಲ್ಲಿ ಎದೆಮಟ್ಟದ ಕಂಚಿನ ಪ್ರತಿಮೆ ನಿಲ್ಲಿಸಬೇಕೆಂಬುದು ದೊಡ್ಡಪ್ಪನವರ ಆಸೆ. ಎಲ್ಲ ಪ್ಯಾಕೆಟ್ಟುಗಳ ಮೇಲೂ ತಾತನ ಭಾವಚಿತ್ರ ಅಚ್ಚಾಗಬೇಕೆಂದು ಅಪ್ಪ ಹೇಳುತ್ತಾರೆ. ಸ್ಮರಣ ಸಂಚಿಕೆ ತರೋಣವೆಂಬುದು ಅತ್ತೆಯವರ ಸಲಹೆ. ಮೂವರ ಮಾತಿನಲ್ಲೂ ಪ್ರೀತಿಯೇ ಇದೆ. ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ.

ಆದರೂ ನನ್ನನ್ನು ಕಾಡುತ್ತಿರುವ ಚಿಂತೆ ಬೇರೆ. ತಾತನವರಿಗೆ ಗೊತ್ತಿದ್ದ ಕೆಲಸದ ಬಹುಪಾಲು ಎಲ್ಲಿಯೂ ಬರಹಕ್ಕೆ ಇಳಿದಿಲ್ಲ. ಹೊಸದಾಗಿ ಕಲಸಿದ ಪ್ರತಿಯೊಂದು ಮಸಾಲೆಯ ಒಂದು ಕಡ್ಡಿಯನ್ನು ಅವರು ಬೆಳಿಗ್ಗೆ ಗಾಳಿಯಾಡದ ಒಳಕೋಣೆಯಲ್ಲಿ ಹಚ್ಚಿಟ್ಟು, ಎದುರಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಬೂದಿ ಮುರಿಯದೆ ಎಷ್ಟು ಉದ್ದಕ್ಕೆ ಬಾಗಿ ನಿಲ್ಲುತ್ತದೆ, ಕೆಂಡ ನಡುವೆ ಎಲ್ಲಾದರೂ ಮಂಕಾಗುತ್ತದೆಯೇ, ಬಿದಿರು ಸುಡುವ ವಾಸನೆ ಪರಿಮಳವನ್ನು ಮೀರುತ್ತದೆಯೇ ಎಂದು ನೋಡಿ, ಅಂಟಿಗೆ ಬೆರೆಸುವ ಜಿಗಟು ಪುಡಿ ಹೆಚ್ಚಾಗಿದೆಯೆಂದೋ ಇದ್ದಿಲ ಪುಡಿಯನ್ನು ಸರಿಯಾಗಿ ಜರಡಿ ಹಿಡಿದಿಲ್ಲವೆಂದೋ ಹೇಳುತ್ತಿದ್ದರು. ನಾವು ಪಕ್ಕದಲ್ಲೇ ಆಡಿಕೊಂಡಿದ್ದೆವು; ಕೇಳಿ ಬರೆದುಕೊಳ್ಳುವ ವಯಸ್ಸು ನಮ್ಮದಾಗಿರಲಿಲ್ಲ.

ಅವರ ಕಬ್ಬಿಣದ ಟ್ರಂಕಿನಲ್ಲಿ ಹಳೆಯ ಕಿರ್ದಿ ಪುಸ್ತಕಗಳು, ಬಣ್ಣ ಮಾಸಿದ ಲೇಬಲ್ಲುಗಳು, ಅವುಗಳನ್ನು ಅಚ್ಚು ಹಾಕಿದ ಬ್ಲಾಕುಗಳು ಮತ್ತು ಪರಿಮಳದ ಪ್ರಮಾಣಗಳನ್ನು ಗುರುತು ಹಾಕಿಕೊಂಡ ಒಂದು ಸಣ್ಣ ನೋಟುಪುಸ್ತಕ ಇವೆ. ಯಂತ್ರಗಳು ಬರುವ ಮೊದಲು ಮನೆಗಳಲ್ಲೇ ಕುಳಿತು ನಮಗಾಗಿ ಕಡ್ಡಿ ಹೊಸೆಯುತ್ತಿದ್ದ ಹೆಂಗಸರಲ್ಲಿ ಕೆಲವರು ಇನ್ನೂ ಮಂಡಿ ಮೊಹಲ್ಲಾ ಮತ್ತು ಉದಯಗಿರಿಯ ಕಡೆ ಇದ್ದಾರೆ. ಎಲ್ಲರಿಗೂ ವಯಸ್ಸಾಗಿದೆ. ಇವರ ಮಾತನ್ನು ದಾಖಲಿಸಬೇಕೆಂದರೆ ಎಲ್ಲಿಂದ ಆರಂಭಿಸಬೇಕು, ಏನನ್ನು ಕೇಳಬೇಕು, ಕಾಗದಪತ್ರಗಳನ್ನು ಹೇಗೆ ಕಾಪಾಡಬೇಕು, ಪ್ರತಿಮೆ ಮತ್ತು ಭಾವಚಿತ್ರಗಳ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಮಂಡ್ಯದಿಂದ, ಬೆಲ್ಲದ ಮಂಡಿಯವರು)

ತಂಗಿ, ನಿಮ್ಮ ಚಿಂತೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ತಂದೆಯವರು ಆಲೆಮನೆಯಿಂದ ಆರಂಭಿಸಿ ಮಂಡ್ಯದ ಮಾರುಕಟ್ಟೆಯಲ್ಲಿ ಬೆಲ್ಲದ ಮಂಡಿ ಇಟ್ಟವರು. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಈ ಸೀಮೆಯಲ್ಲಿ ಕಬ್ಬು ಹಬ್ಬಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಹೀಗಿದ್ದೂ ಆಲೆಮನೆಗಳು ಮುಚ್ಚಲಿಲ್ಲ. ಕಾರ್ಖಾನೆಯ ಸರದಿಗೆ ಕಾಯಲಾಗದ ರೈತ ಆಲೆಮನೆಗೆ ಕಬ್ಬು ಹಾಕುತ್ತಿದ್ದ, ಬೆಲ್ಲ ಮಂಡಿಗೆ ಬರುತ್ತಿತ್ತು. ಇಷ್ಟನ್ನು ಯಾರು ಬೇಕಾದರೂ ಬರೆಯಬಹುದು. ನಮ್ಮ ತಂದೆಯವರು ಪಾಕದ ಹದವನ್ನು ಹೇಗೆ ಕಂಡುಹಿಡಿಯುತ್ತಿದ್ದರೆಂಬುದನ್ನು ಮಾತ್ರ ಅವರ ಜೊತೆ ಒಲೆಯ ಮುಂದೆ ನಿಂತವರೇ ಹೇಳಬೇಕಿತ್ತು.

ಅವರು ತೀರಿಕೊಂಡ ಮೇಲೆ, ಅವರೊಡನೆ ಕೊಪ್ಪರಿಗೆಯ ಬಳಿ ದುಡಿದಿದ್ದ ಹಿರಿಯರೊಬ್ಬರನ್ನು ನಾವು ಮಾತನಾಡಿಸಿದೆವು. ಮಂಡಿಗೆ ಕರೆಸಿ ಕುರ್ಚಿಯ ಮೇಲೆ ಕೂರಿಸಿದಾಗ ಅವರು, ‘ಯಜಮಾನರು ದೇವರಂಥವರು’ ಎಂದು ಕೈಮುಗಿದು ಸುಮ್ಮನಾದರು. ಅದೇ ಹಿರಿಯರನ್ನು ಒಂದು ಆಲೆಮನೆಗೆ ಕರೆದೊಯ್ದು ಕುದಿಯುವ ಕೊಪ್ಪರಿಗೆಯ ಮುಂದೆ ನಿಲ್ಲಿಸಿದಾಗ ಮಾತು ತಾನಾಗಿ ಹರಿಯಿತು. ಬೆಂಡೆ ಗಿಡದ ಲೋಳೆಯನ್ನು ಎಷ್ಟು ಹೊತ್ತಿಗೆ ಬಿಟ್ಟು ಮಡ್ಡಿ ತೆಗೆಯಬೇಕು, ಪಾಕ ಉಕ್ಕುವಾಗ ಹರಳೆಣ್ಣೆಯ ನಾಲ್ಕು ಹನಿ ಏಕೆ ಬೇಕು ಎಂಬುದನ್ನೆಲ್ಲ ಅವರು ಹೇಳಿದರು. ತಣ್ಣೀರಿನ ತಟ್ಟೆಗೆ ಒಂದಿಷ್ಟು ಪಾಕ ಬಿಟ್ಟು, ಬೆರಳುಗಳ ನಡುವೆ ಉಂಡೆ ಮಾಡಿ, ಅದನ್ನು ತಟ್ಟೆಯ ಅಂಚಿಗೆ ಬಡಿದು ‘ಟಣ್’ ಎನ್ನುವ ಸದ್ದಿಗೆ ತಂದೆಯವರು ಹೇಗೆ ಕಿವಿಗೊಡುತ್ತಿದ್ದರೆಂಬುದನ್ನು ತಾವೇ ಮಾಡಿ ತೋರಿಸಿದರು. ಉಪ್ಪು ಮಣ್ಣಿನ ಕಬ್ಬಿನಿಂದ ಬಂದ ಬೆಲ್ಲವನ್ನು ತಂದೆಯವರು ನಾಲಗೆಯ ಮೇಲಿಟ್ಟೇ ಗುರುತಿಸುತ್ತಿದ್ದರಂತೆ. ಅಷ್ಟಾದರೂ ಆ ರೈತನನ್ನು ನಾಲ್ಕು ಜನರ ಎದುರು ಹೀಗಳೆಯದೆ ಪಕ್ಕಕ್ಕೆ ಕರೆದು, ಗದ್ದೆಗೆ ನೀರು ಕಟ್ಟುವುದನ್ನು ಕಡಿಮೆ ಮಾಡುವಂತೆ ಹೇಳುತ್ತಿದ್ದರೆಂಬುದು ಮನೆಯ ಮಕ್ಕಳಾದ ನಮಗೇ ಗೊತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆ ಇದು: ‘ತಾತನವರ ಬಗ್ಗೆ ನಾಲ್ಕು ಮಾತು ಹೇಳಿ’ ಎಂದು ಕೇಳಬೇಡಿ, ಬರುವುದು ಬರಿಯ ಹೊಗಳಿಕೆ. ಕೈಗೆ ಮಸಾಲೆಯ ಹಿಟ್ಟು ಕೊಡಿ, ಹಳೆಯ ಲೇಬಲ್ ಕೊಡಿ, ಕಿರ್ದಿಯ ಒಂದು ಪುಟ ಓದಿ ಹೇಳಿ. ಮೊದಲ ಬಂಡವಾಳ ಯಾರು ಕೊಟ್ಟರು, ಮಾಲು ಹಿಂದಿರುಗಿ ಬಂದ ವರ್ಷ ಏನಾಯಿತು, ಜಗಳವಾಡಿ ಕೆಲಸ ಬಿಟ್ಟು ಹೋದವರು ಯಾರು ಎಂದೂ ಕೇಳಿ. ಉದ್ರಿ ಕೊಟ್ಟು ಕಾಪಾಡಿದ ಅಂಗಡಿಯವರ ಹೆಸರು ನಿಮ್ಮ ಕಿರ್ದಿಯಲ್ಲಿ ಖಂಡಿತ ಇರುತ್ತದೆ. ಆ ಮನೆಗಳಿಗೂ ಹೋಗಿ ಬನ್ನಿ.

ಉತ್ತರ (ಮೈಸೂರಿನಿಂದ, ಶಾಲಾ ಶಿಕ್ಷಕಿ)

ನನ್ನ ತಾಯಿ ಮತ್ತು ದೊಡ್ಡಮ್ಮ ಇಬ್ಬರೂ ಮನೆಯಲ್ಲಿ ಊದುಬತ್ತಿ ಹೊಸೆದು ನಮ್ಮನ್ನು ಓದಿಸಿದವರು. ನಿಮ್ಮ ಉದ್ದಿಮೆಗೇ ಹೊಸೆದರೋ ಬೇರೆಯವರಿಗೋ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ನಿಮ್ಮ ಪ್ರಶ್ನೆಯಲ್ಲಿ ‘ಇವರ ಮಾತನ್ನು ದಾಖಲಿಸಬೇಕು’ ಎಂಬ ಸಾಲನ್ನು ಓದಿ ನನಗೆ ತುಂಬ ಸಂತೋಷವಾಯಿತು. ಏಕೆಂದರೆ, ಮೈಸೂರಿನ ಊದುಬತ್ತಿ ಲೋಕಪ್ರಸಿದ್ಧವೆಂದು ಹೇಳುವಾಗ ಪರಿಮಳದ ಮಾತು ಬರುತ್ತದೆ, ವ್ಯಾಪಾರದ ಮಾತು ಬರುತ್ತದೆ, ಹೊಸೆದ ಕೈಗಳ ಮಾತು ಬರುವುದು ಬಹಳ ಅಪರೂಪ.

ಆ ಕೆಲಸ ಹೇಗಿತ್ತೆಂಬುದನ್ನು ಸ್ವಲ್ಪ ಹೇಳುತ್ತೇನೆ, ನಿಮಗೆ ಏನು ಕೇಳಬೇಕೆಂಬುದು ಅದರಿಂದ ತಿಳಿಯಬಹುದು. ಇದ್ದಿಲ ಪುಡಿ, ಜಿಗಟು ಮತ್ತು ಮರದ ಪುಡಿಯ ಮಿಶ್ರಣವೂ ಬಿದಿರಿನ ಕಡ್ಡಿಯ ಕಟ್ಟುಗಳೂ ತೂಕವಾಗಿ ಮನೆಗೆ ಬರುತ್ತಿದ್ದವು. ನೀರು ಹಾಕಿ ನಾದುವುದು ಅಮ್ಮನ ಕೆಲಸ. ಹಿಟ್ಟು ಸಡಿಲವಾದರೆ ಕಡ್ಡಿಯ ಮೇಲೆ ಜಾರುತ್ತಿತ್ತು, ಬಿಗಿಯಾದರೆ ಒಣಗುವಾಗ ಬಿರುಕು ಬಿಡುತ್ತಿತ್ತು. ಓರೆಯಾಗಿಟ್ಟ ಮಣೆಯ ಮೇಲೆ ಒಂದು ಚಿಟಿಕೆ ಹಿಟ್ಟು, ಅದರ ಮೇಲೆ ಕಡ್ಡಿ, ಅಂಗೈಯ ಒಂದೇ ಎಳೆತಕ್ಕೆ ಹಿಟ್ಟು ಕಡ್ಡಿಯ ಮುಕ್ಕಾಲು ಭಾಗಕ್ಕೆ ಸಮನಾಗಿ ಹರಡಿಕೊಳ್ಳಬೇಕು. ಹಿಡಿಯಲು ಬಿಡುವ ಬರಿಯ ತುದಿ ಎಲ್ಲ ಕಡ್ಡಿಗಳಲ್ಲೂ ಒಂದೇ ಅಳತೆಯದಾಗಿರಬೇಕು. ನಂತರ ಒಣಪುಡಿಯಲ್ಲಿ ಹೊರಳಿಸಿ ನೆರಳಲ್ಲಿ ಹರಡುವುದು ನಮ್ಮ, ಅಂದರೆ ಮಕ್ಕಳ ಕೆಲಸ. ಕೂಲಿ ಸಾವಿರ ಕಡ್ಡಿಯ ಲೆಕ್ಕದಲ್ಲಿ. ಮಳೆಗಾಲದಲ್ಲಿ ಒಣಗದೆ ಬೂಸಲು ಬಂದ ಕಡ್ಡಿಯನ್ನು ಹಿಂದಿರುಗಿಸಿದರೆ ಆ ನಷ್ಟ ಯಾರ ತಲೆಗೆ ಎಂಬುದೇ ಪ್ರತಿ ವರ್ಷದ ಪ್ರಶ್ನೆಯಾಗಿತ್ತು. ಅಂಗೈಯ ಗೆರೆಗಳಲ್ಲಿ ಕೂತ ಇದ್ದಿಲ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆ ಮನೆಗೆ ಹೋದರೆ ಅಮ್ಮ ಸೆರಗಿನೊಳಗೆ ಕೈ ಮರೆಮಾಡಿಕೊಳ್ಳುತ್ತಿದ್ದರು. ಇನ್ನೊಂದು ವಿಷಯವನ್ನೂ ಹೇಳಬೇಕು. ಮನೆಯಲ್ಲಿ ತಯಾರಾಗುತ್ತಿದ್ದುದು ಸೆಂಟು ಹಾಕದ ಕಚ್ಚಾ ಕಡ್ಡಿ ಮಾತ್ರ. ಅಷ್ಟೊಂದು ಕಡ್ಡಿ ಹೊಸೆದ ಅಮ್ಮ, ಹಬ್ಬಕ್ಕೆ ಪರಿಮಳದ ಊದುಬತ್ತಿಯನ್ನು ಅಂಗಡಿಯಿಂದಲೇ ಕೊಂಡು ತರುತ್ತಿದ್ದರು.

ಆ ಬೂಸಲಿನ ಕಡ್ಡಿಯ ವಿಷಯದಲ್ಲಿ ನಿಮ್ಮ ತಾತನವರು ಹೇಗೆ ನಡೆದುಕೊಂಡರು ಎಂದು ಕೇಳಿ. ಮುಂಗಡ ಕೇಳಿದಾಗ, ಹೆರಿಗೆಯ ಸಮಯದಲ್ಲಿ, ಯಂತ್ರ ತಂದು ಮನೆಯ ಕೆಲಸ ನಿಲ್ಲಿಸಿದಾಗ ಏನು ಹೇಳಿದರು ಎಂದು ಕೇಳಿ. ನೀವು ಯಜಮಾನರ ಮೊಮ್ಮಗಳು, ಎದುರಿಗೆ ಅವರು ಒಳ್ಳೆಯದನ್ನಷ್ಟೇ ಹೇಳಬಹುದು. ಆದ್ದರಿಂದ ಅವರ ಮನೆಗೇ ಹೋಗಿ, ಕಾರು ದೂರದಲ್ಲಿ ನಿಲ್ಲಿಸಿ, ಮೊದಲ ಭೇಟಿಯಲ್ಲಿ ಫೋನನ್ನು ಹೊರಗೆ ತೆಗೆಯದೆ ಕಾಫಿ ಕುಡಿದು ಬನ್ನಿ. ಅವರಿಗೆ ಕಹಿ ನೆನಪು ಇದ್ದರೆ ಅದನ್ನೂ ಬರೆದುಕೊಳ್ಳಿ. ಅದರಿಂದ ನಿಮ್ಮ ತಾತನವರು ಚಿಕ್ಕವರಾಗುವುದಿಲ್ಲ. ಸಂಚಿಕೆ ಬಂದರೆ ಅದರಲ್ಲಿ ಅವರ ಹೆಸರು, ಅವರು ಒಪ್ಪಿದರೆ ಭಾವಚಿತ್ರ, ಅವರು ಹೊಸೆಯುತ್ತಿದ್ದ ವರ್ಷಗಳು ಇರಲೇಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ.

ಉತ್ತರ (ಮೈಸೂರಿನಿಂದ, ಹಸ್ತಪ್ರತಿ ಸಂರಕ್ಷಣೆಯಿಂದ ನಿವೃತ್ತರು)

ಕಾಗದಪತ್ರಗಳ ಬಗ್ಗೆ ಕೇಳಿದ್ದೀರಿ. ಟ್ರಂಕಿನಲ್ಲಿರುವುದನ್ನು ಹೊರತೆಗೆಯುವ ಮೊದಲು, ಇರುವ ಕ್ರಮದಲ್ಲೇ ಒಂದು ಛಾಯಾಚಿತ್ರ ತೆಗೆದುಕೊಳ್ಳಿ. ಯಾವ ಚೀಟಿ ಯಾವ ಪುಸ್ತಕದೊಳಗೆ ಇತ್ತೆಂಬುದೂ ಮಾಹಿತಿಯೇ. ತುಕ್ಕು ಹಿಡಿದ ಗುಂಡುಸೂಜಿ, ರಬ್ಬರ್ ಬ್ಯಾಂಡುಗಳನ್ನು ನಿಧಾನವಾಗಿ ತೆಗೆಯಿರಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಶನ್ ಮಾಡಿಸಲೇಬೇಡಿ. ಲ್ಯಾಮಿನೇಟ್ ಆದ ಕಾಗದವನ್ನು ಮತ್ತೆ ಬಿಡಿಸುವುದು ಕಷ್ಟ, ಒಳಗಿನ ಕಾಗದ ಹಾಳಾಗುವುದನ್ನು ತಡೆಯುವುದೂ ಆಗದು. ಮುಗ್ಗಲು ಹಿಡಿದಿದ್ದರೆ ಬಿಸಿಲಿಗೆ ಹಾಕದೆ, ಗಾಳಿಯಾಡುವ ನೆರಳಿನಲ್ಲಿ ಪುಟ ಬಿಚ್ಚಿಡಿ. ನೀಲಿ ಶಾಯಿಯ ಬರಹ ಬಿಸಿಲಿಗೆ ಬೇಗ ಮಾಸುತ್ತದೆ. ಬರಹದ ಪುಟಗಳನ್ನು 300 ಡಿಪಿಐ, ಛಾಯಾಚಿತ್ರ ಮತ್ತು ಲೇಬಲ್ಲುಗಳನ್ನು 600 ಡಿಪಿಐ ಅಳತೆಯಲ್ಲಿ ಸ್ಕ್ಯಾನ್ ಮಾಡಿಸಿ, ಪ್ರತಿಗಳನ್ನು ಬೇರೆ ಬೇರೆ ಜಾಗಗಳಲ್ಲಿ, ಒಂದನ್ನಾದರೂ ಮನೆಯಿಂದ ಹೊರಗೆ ಇಡಿ. ಸ್ಕ್ಯಾನ್ ಆಯಿತೆಂದು ಮೂಲವನ್ನು ರದ್ದಿಗೆ ಹಾಕುವವರನ್ನು ನಾನು ನೋಡಿದ್ದೇನೆ. ನೀವು ಹಾಗೆ ಮಾಡುವವರಲ್ಲವೆಂದು ನಂಬುತ್ತೇನೆ.

ಪರಿಮಳದ ನೋಟುಪುಸ್ತಕದ ವಿಷಯ ಬೇರೆ. ಅದು ವ್ಯಾಪಾರದ ಗುಟ್ಟು. ಅದರ ಚಿತ್ರವನ್ನು ಮನೆಯವರ ವಾಟ್ಸ್ಯಾಪ್ ಗುಂಪಿಗೂ ಹಾಕದೆ ಪ್ರತ್ಯೇಕವಾಗಿ ಕಾಪಾಡಿ.

ಪ್ರತಿಯೊಂದು ವಸ್ತುವಿನ ಜೊತೆಗೆ ಅದನ್ನು ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂಬ ಚೀಟಿ ಇರಲಿ. ನಮ್ಮ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯ ಪ್ರತಿಯನ್ನು ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು, ಶಾಸ್ತ್ರಿಗಳ ಹೆಸರು ಜಗತ್ತಿಗೆ ತಿಳಿಯಿತು. ಆ ಪ್ರತಿಯನ್ನು ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದರು ಎಂದು ನಾವೆಲ್ಲ ಹೇಳುತ್ತ ಬಂದಿದ್ದೇವೆ. ‘ಪಂಡಿತರೊಬ್ಬರು’ ಎನ್ನುವುದರಾಚೆಗೆ ಅವರ ಹೆಸರು ಆ ಮಾತಿನಲ್ಲಿ ಬರುವುದಿಲ್ಲ. ನಿಮ್ಮ ಸಂಗ್ರಹದಲ್ಲಿ ಯಾರೂ ಹಾಗೆ ಹೆಸರಿಲ್ಲದೆ ಉಳಿಯಬಾರದು. ಹೊಸೆಯುವ ಮಣೆ, ಜರಡಿ, ಹಳೆಯ ತಕ್ಕಡಿ ಸಿಕ್ಕಿದರೆ ಅವನ್ನೂ ತೆಗೆದಿಡಿ. ಮಾನಸಗಂಗೋತ್ರಿಯಲ್ಲಿ 1968ರಿಂದಿರುವ ಜಾನಪದ ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿ ಬಂದರೆ, ದಿನಬಳಕೆಯ ಉಪಕರಣಗಳನ್ನು ಹೇಗೆ ಜೋಡಿಸಿ ವಿವರ ಬರೆಯಬಹುದೆಂಬುದು ನಿಮಗೆ ಹೊಳೆಯುತ್ತದೆ.

ಉತ್ತರ (ಮೈಸೂರಿನಿಂದ, ಮುದ್ರಣಾಲಯದವರು)

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೂ ನಿಮ್ಮ ದೊಡ್ಡಪ್ಪನವರ ಪರವಾಗಿ ಒಂದು ಮಾತು ಹೇಳಬೇಕಾಗಿದೆ. ದಾಖಲೆ ಓದುವವರಿಗೆ ಬೇಕು, ಪ್ರತಿಮೆ ದಿನವೂ ಆ ಬಾಗಿಲು ದಾಟುವವರಿಗೆ ಬೇಕು. ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ ಬೂದುಗುಂಬಳ ಒಡೆದ ಮೇಲೆ, ಹಿರಿಯ ಕೆಲಸಗಾರರು ಯಜಮಾನರ ಚಿತ್ರಕ್ಕೆ ಹಾರ ಹಾಕದೆ ಪ್ರಸಾದ ಮುಟ್ಟುವುದಿಲ್ಲ. ನಮ್ಮ ಮುದ್ರಣಾಲಯದಲ್ಲಿಯೂ ಹೀಗೆಯೇ ನಡೆದುಕೊಂಡು ಬಂದಿದೆ. ತಂದೆಯನ್ನು ಕಳೆದುಕೊಂಡ ಹಿರಿಯ ಮಗನಿಗೆ ಕಣ್ಣೆದುರು ಏನಾದರೂ ಇರಬೇಕೆನಿಸುವುದು ಸಹಜ. ಸಾಧಾರಣ ಅಳತೆಯ ಪ್ರತಿಮೆಯನ್ನು ಮಾಡಿಸಿ, ಉಳಿದ ಹಣವನ್ನು ದಾಖಲಾತಿಗೂ ಬೇರೊಂದು ಉಪಯುಕ್ತ ಕೆಲಸಕ್ಕೂ ತೆಗೆದಿಡಲು ಅವರನ್ನು ಒಪ್ಪಿಸಿ.

ಆ ಬೇರೊಂದು ಕೆಲಸಕ್ಕೆ ಮೈಸೂರಿನಲ್ಲಿಯೇ ಮಾದರಿಗಳಿವೆ. ವರ್ತಕರಾಗಿದ್ದ ಧರ್ಮಪ್ರಕಾಶ ಡಿ. ಬನುಮಯ್ಯನವರು ಏನು ಮಾರುತ್ತಿದ್ದರೆಂಬುದನ್ನು ಈಗಿನ ವಿದ್ಯಾರ್ಥಿಗಳು ಹೇಳಲಾರರು, ಅವರ ಹೆಸರಿನ ವಿದ್ಯಾಸಂಸ್ಥೆಗಳು ಮಾತ್ರ ಊರಿಗೆಲ್ಲ ಗೊತ್ತು. ನಿಮ್ಮದೇ ಕಸುಬಿನಲ್ಲಿ, 1948ರಲ್ಲಿ ಇಲ್ಲಿ ಊದುಬತ್ತಿ ಉದ್ದಿಮೆ ಆರಂಭಿಸಿ ‘ಸೈಕಲ್’ ಎಂಬ ಹೆಸರನ್ನು ಮನೆಮಾತಾಗಿಸಿದ ಎನ್. ರಂಗರಾವ್ ಅವರ ಸ್ಮಾರಕವಾಗಿ, 1988ರಿಂದ ವಿಶೇಷಚೇತನ ಮಕ್ಕಳ ಶಾಲೆಯೊಂದು ನಡೆಯುತ್ತಿದೆ. ಅಷ್ಟು ದೊಡ್ಡದು ನಿಮ್ಮಿಂದ ಆಗಬೇಕೆಂದಿಲ್ಲ. ನಿಮಗಾಗಿ ಕಡ್ಡಿ ಹೊಸೆದ ಮನೆಗಳ ಮೊಮ್ಮಕ್ಕಳಲ್ಲಿ ಒಬ್ಬರಿಬ್ಬರ ಕಾಲೇಜು ಶುಲ್ಕವನ್ನು ತಾತನವರ ಹೆಸರಿನಲ್ಲಿ ಪ್ರತಿ ವರ್ಷ ಕಟ್ಟಿದರೂ ಅದು ದೊಡ್ಡ ಕೆಲಸವೇ.

ಪ್ಯಾಕೆಟ್ಟಿನ ಮೇಲಿನ ಭಾವಚಿತ್ರದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಲೇಬಲ್ ಅಚ್ಚು ಹಾಕುವವನಾಗಿ ನಾನು ಹೇಳಬಾರದ ಮಾತಿದು, ಏಕೆಂದರೆ ಹೊಸ ಲೇಬಲ್ಲಿನಿಂದ ನಮಗೆ ಕೆಲಸ ಸಿಗುತ್ತದೆ. ಕಡ್ಡಿ ಮುಗಿದ ದಿನ ಆ ಪ್ಯಾಕೆಟ್ಟು ಕಸದ ಬುಟ್ಟಿಗೆ ಹೋಗುತ್ತದೆ, ಜಾತ್ರೆಯ ದಿನ ದೇವಸ್ಥಾನದ ಮುಂದೆ ನೂರಾರು ಜನರ ಕಾಲಿಗೆ ಸಿಗುತ್ತದೆ. ದೇವರ ಚಿತ್ರವಿರುವ ಲೇಬಲ್ಲನ್ನು ಎಲ್ಲಿ ಬಿಸಾಡುವುದೆಂದು ಸಂಕಟಪಡುವ ಗೃಹಿಣಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ತಾತನವರ ಮುಖಕ್ಕೆ ಆ ಗತಿ ಬರುವುದನ್ನು ನಿಮ್ಮ ತಂದೆಯವರು ಸಹಿಸುತ್ತಾರೆಯೇ ಎಂದು ಮೆಲ್ಲನೆ ಕೇಳಿ ನೋಡಿ. ಬದಲಿಗೆ, ಟ್ರಂಕಿನಲ್ಲಿರುವ ಹಳೆಯ ಬ್ಲಾಕಿನಿಂದಲೇ ಮೊದಲ ಕಾಲದ ಲೇಬಲ್ಲನ್ನು ಮತ್ತೊಮ್ಮೆ ಅಚ್ಚು ಹಾಕಿಸಿ, ವರ್ಷಾಬ್ದಿಕದ ತಿಂಗಳಿನ ಮಾಲಿಗಷ್ಟೇ ಬಳಸಬಹುದು. ಬ್ಲಾಕು ಸವೆದಿಲ್ಲದಿದ್ದರೆ ಅಚ್ಚಿನ ಕೆಲಸವನ್ನು ನಾನೇ ಮಾಡಿಕೊಡುತ್ತೇನೆ.

ಉತ್ತರ (ಮಂಡ್ಯದಿಂದ, ಲೆಕ್ಕಪರಿಶೋಧಕರು)

ಭಾವಚಿತ್ರ ಹಾಕುವುದೆಂದೇ ತೀರ್ಮಾನವಾದರೆ ಒಂದು ವಿಷಯ ಗಮನದಲ್ಲಿರಲಿ. 1999ರ ಟ್ರೇಡ್‌ಮಾರ್ಕ್ ಕಾಯಿದೆಯ 14ನೆಯ ಕಲಮಿನ ಪ್ರಕಾರ, ಅರ್ಜಿಯ ದಿನಾಂಕಕ್ಕೆ ಹಿಂದಿನ 20 ವರ್ಷಗಳೊಳಗೆ ತೀರಿಕೊಂಡವರೊಡನೆ ಸಂಬಂಧವಿದೆಯೆಂದು ತಪ್ಪಾಗಿ ತೋರಿಸುವಂಥ ಗುರುತಿಗೆ, ಅವರ ಕಾನೂನುಬದ್ಧ ಪ್ರತಿನಿಧಿಗಳ ಲಿಖಿತ ಒಪ್ಪಿಗೆಯನ್ನು ರಿಜಿಸ್ಟ್ರಾರ್ ಕೇಳಬಹುದು. ನಿಮ್ಮದು ಸ್ವಂತ ಉದ್ದಿಮೆಯೇ ಆದರೂ ಮನೆಯ ಎಲ್ಲರ, ಅತ್ತೆಯವರದೂ ಸೇರಿದಂತೆ, ಸಹಿಯನ್ನು ಈಗಲೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಟ್ರೇಡ್‌ಮಾರ್ಕ್ ತಾತನವರ ಸ್ವಂತ ಹೆಸರಿನಲ್ಲಿ ನೋಂದಣಿಯಾಗಿದ್ದರೆ ಅದನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ನೋಂದಣಿಯನ್ನು 10 ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ನವೀಕರಣದ ನೋಟೀಸು ತೀರಿಕೊಂಡವರ ಹೆಸರಿಗೆ ಬಂದು ಯಾರ ಗಮನಕ್ಕೂ ಬೀಳದೆ ಹೋಗುವುದುಂಟು. ಪಾಲುದಾರಿಕೆಯಾಗಿದ್ದರೆ ಕರಾರುಪತ್ರವನ್ನೂ ಓದಿಸಿ, ಏಕೆಂದರೆ ಬೇರೆ ಕರಾರಿಲ್ಲದಿದ್ದಲ್ಲಿ ಪಾಲುದಾರರೊಬ್ಬರ ಮರಣದಿಂದ ಸಂಸ್ಥೆಯೇ ವಿಸರ್ಜನೆಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ನನ್ನ ಹೃತ್ಪೂರ್ವಕ ನಮಸ್ಕಾರಗಳು. ಈ ಉತ್ತರಗಳನ್ನು ಮನೆಯಲ್ಲಿ ಎಲ್ಲರ ಮುಂದೆ ಓದಿದೆ. ಪ್ಯಾಕೆಟ್ಟು ಕಾಲಿಗೆ ಸಿಗುವ ಮಾತು ಬಂದಾಗ ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಹಳೆಯ ಬ್ಲಾಕಿನ ಲೇಬಲ್ಲೇ ಸಾಕೆಂದು ತಾವಾಗಿ ಹೇಳಿದರು. ಪ್ರತಿಮೆ ಆಗುತ್ತದೆ, ಆದರೆ ದೊಡ್ಡಪ್ಪನವರು ಮೊದಲು ಯೋಚಿಸಿದ್ದಕ್ಕಿಂತ ಚಿಕ್ಕದಾಗಿ, ಬಾಗಿಲಿನ ಬದಲು ಒಳಗೆ, ಕಡ್ಡಿ ಪರೀಕ್ಷಿಸುವ ಕೋಣೆಯ ಪಕ್ಕದಲ್ಲಿ. ಸ್ಮರಣ ಸಂಚಿಕೆಯನ್ನು ವರ್ಷಾಬ್ದಿಕಕ್ಕೇ ಮುಗಿಸಬೇಕೆಂಬ ಆತುರವನ್ನು ಅತ್ತೆಯವರು ಬಿಟ್ಟಿದ್ದಾರೆ, ಮಾತುಗಳನ್ನೆಲ್ಲ ಕೇಳಿ ಮುಗಿದ ಮೇಲೆಯೇ ಅಚ್ಚಿಗೆ ಕೊಡೋಣವೆಂದಿದ್ದಾರೆ. ಟ್ರೇಡ್‌ಮಾರ್ಕ್ ಪತ್ರ ತಾತನವರ ಹೆಸರಿನಲ್ಲೇ ಇರುವುದು ಈಗ ತಿಳಿದುಬಂದಿದೆ, ಆ ಕೆಲಸವನ್ನು ವಕೀಲರಿಗೆ ಒಪ್ಪಿಸಿದ್ದೇವೆ.

ಕಿರ್ದಿಯ ಮೊದಲ ಪುಸ್ತಕದಲ್ಲಿ ಬಾರಿಬಾರಿಗೂ ಬರುವ ಒಂದು ಹೆಸರಿನ ಎದುರು ‘ಜಿಗಟು ಉದ್ರಿ’ ಎಂದಿದೆ. ದೇವರಾಜ ಮಾರುಕಟ್ಟೆಯ ಹಿಂದಿನ ಯಾವುದೋ ಅಂಗಡಿಯವರಿರಬೇಕೆಂದು ದೊಡ್ಡಪ್ಪನವರ ಊಹೆ, ವಿಚಾರಿಸುತ್ತಿದ್ದೇವೆ.

ಶಿಕ್ಷಕಿಯವರಲ್ಲಿ ಒಂದು ವಿನಂತಿ. ಉದಯಗಿರಿಯ ಮನೆಗಳಿಗೆ ಮೊದಲ ಸಲ ಹೋಗುವಾಗ ನಾನೊಬ್ಬಳೇ ಹೋಗುವುದಕ್ಕಿಂತ, ಆ ಕೆಲಸವನ್ನು ಬಲ್ಲ ಮನೆಯ ಮಗಳು ಜೊತೆಗಿದ್ದರೆ ಅವರು ಮನಸ್ಸು ಬಿಚ್ಚಿ ಮಾತನಾಡಬಹುದೆಂದು ನನಗನಿಸುತ್ತದೆ. ಶಾಲೆಗೆ ರಜೆಯಿರುವ ಯಾವುದಾದರೂ ಭಾನುವಾರ ನೀವು ಬರುವುದಾದರೆ, ದಿನ ಮತ್ತು ಹೊತ್ತನ್ನು ನೀವೇ ತಿಳಿಸಿ. ನಿಮ್ಮ ತಾಯಿಯವರಿಗೆ ಆರೋಗ್ಯ ಒಪ್ಪಿದರೆ ಅವರನ್ನೂ ಕರೆತನ್ನಿ.